ಸೋಸಿದ ಎಣ್ಣೆ

ನಾನು ಆ ಐಸ್ ಪ್ಲಾಂಟಿಗೆ ಮೊದಲ ಸಲ ಹೋದಾಗ ಕಂಪ್ರೆಸರಿಗೆ ಹಾಕುವ ಎಣ್ಣೆಯ ಬ್ಯಾರೆಲ್ ಅಂಗಳದಲ್ಲಿ, ಮಳೆಯಲ್ಲಿ, ನೆಟ್ಟಗೆ ನಿಂತಿತ್ತು. ಮೇಲಿನ ಅಂಚಿನೊಳಗೆ ಎರಡು ಬೆರಳು ನೀರು ಕಟ್ಟಿಕೊಂಡಿತ್ತು. ಅದರಲ್ಲಿ ಒಂದು ಹಲಸಿನ ಎಲೆ ತೇಲುತ್ತಿತ್ತು. ಬಿರಡೆ ಬಿಗಿಯಾಗಿದೆ, ನೀರು ಒಳಗೆ ಹೋಗುವುದಿಲ್ಲ ಎಂದು ಅಲ್ಲಿದ್ದವರೆಲ್ಲ ನಂಬಿದ್ದರು. ಹೋಗುತ್ತದೆ. ಹಗಲಿನ ಬಿಸಿಗೆ ಬ್ಯಾರೆಲ್ಲಿನೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ತಂಪಾದಾಗ ಕುಗ್ಗಿ ಹೊರಗಿನದನ್ನು ಒಳಗೆ ಎಳೆಯುತ್ತದೆ. ಎಳೆಯುವಾಗ ಬಿರಡೆಯ ಸುತ್ತ ನಿಂತ ನೀರೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಬ್ಯಾರೆಲ್ ಉಸಿರಾಡುತ್ತದೆ ಎಂದು ನಾನು ಹೇಳಿದಾಗ ಅವರು ಮುಖ ಮುಖ ನೋಡಿಕೊಂಡರು. ಎಣ್ಣೆ ಅಳೆಯಲು ಇಟ್ಟಿದ್ದದ್ದು ಸ್ನಾನದ ಮಗ್ಗು. ಎಣ್ಣೆ ಸುರಿಯುವ ಆಲಿಕೆ ಮೊಳೆಗೆ ನೇತಾಡುತ್ತಿತ್ತು, ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು.

ನನ್ನದು ಬ್ರಹ್ಮಾವರದ ಹತ್ತಿರದ ಹಳ್ಳಿ. ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನು. ಎಣ್ಣೆ ಹಾಕುವ ಕೆಲಸದಿಂದ ಶುರುಮಾಡಿ ಫಿಟ್ಟರ್ ಆಗಿ ನಿವೃತ್ತನಾದೆ. ನಾಲ್ಕು ಗಂಟೆಗೊಂದು ಪಾಳಿ. ಪಾಳಿ ಬದಲಾಗುವಾಗ ಎಲ್ಲ ಮಾಪಕಗಳನ್ನು ಓದಬೇಕು, ಅಂಗೈಯ ಹಿಂಬದಿಯಿಂದ ಬೇರಿಂಗಿನ ಬಿಸಿ ನೋಡಬೇಕು, ಬಿಳಿ ಕಾಗದದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಅದು ಹರಡುವ ಬಣ್ಣ ನೋಡಬೇಕು, ಬರೆಯಬೇಕು, ಸಹಿ ಹಾಕಬೇಕು. ನೋಡದೆ ಬರೆದವನನ್ನು ನಮ್ಮ ಹಿರಿಯರು ಮುಂದಿನ ಬಂದರಿನಲ್ಲೇ ಇಳಿಸುತ್ತಿದ್ದರು. ಕಡಲ ನಡುವೆ ಎಣ್ಣೆ ಕೆಟ್ಟು ಎಂಜಿನ್ ನಿಂತರೆ ಇಳಿದು ಬಸ್ಸು ಹಿಡಿಯಲು ಅಲ್ಲಿ ರಸ್ತೆ ಇರುವುದಿಲ್ಲ.

ಆ ಅಭ್ಯಾಸ ಮನೆಗೆ ಬಂದ ಮೇಲೂ ಬಿಡಲಿಲ್ಲ. ಸಾಸಿವೆ, ಮೆಂತ್ಯದ ಡಬ್ಬಿಗಳಿಗೆ ಹೆಸರು, ತುಂಬಿಸಿದ ದಿನ ಬರೆದು ಚೀಟಿ ಅಂಟಿಸಿದ ದಿನ ಹೆಂಡತಿ ಕೈ ಮುಗಿದು, ಎಲ್ಲಾದರೂ ಕೆಲಸಕ್ಕೆ ಹೋಗಿ ಎಂದಳು. ಹಾಗೆ ಈ ಐಸ್ ಪ್ಲಾಂಟು ಸಿಕ್ಕಿತು. ಬೆಳಿಗ್ಗೆ ಬ್ರಹ್ಮಾವರದಿಂದ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳೆ ದಾಟಿ ಗಂಗೊಳ್ಳಿ ಕಡೆಗೆ ಇನ್ನೊಂದು. ಮಧ್ಯಾಹ್ನದವರೆಗೆ ಯಂತ್ರಗಳ ಉಸ್ತುವಾರಿ, ಆಮೇಲೆ ವಾಪಸು. ವಾರಕ್ಕೆ ಆರು ದಿನ.

ಪ್ಲಾಂಟಿನ ಒಡತಿ ಮೀನಿನ ವ್ಯಾಪಾರದ ಮನೆತನದವರು. ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಈಗ ಇಪ್ಪತ್ತಕ್ಕೂ ಹೆಚ್ಚು ದೋಣಿಗಳಿಗೆ ಇವರ ಐಸೇ ಹೋಗುತ್ತದೆ. ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು ಅಕ್ಕ. ಪ್ಲಾಂಟಿನಲ್ಲೂ ನಾನು ಚೀಟಿ ಅಂಟಿಸಿದ ಡಬ್ಬಿ, ಎಣ್ಣೆಯ ಲೆಕ್ಕದ ಪುಸ್ತಕ ನೋಡಿದ ಮೇಲೆ ನನ್ನನ್ನು ಕ್ಯಾಪ್ಟನ್ ಎಂದು ಕರೆಯತೊಡಗಿದರು. ನಾನು ಯಾವತ್ತೂ ಕ್ಯಾಪ್ಟನ್ ಆಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

"ಕ್ಯಾಪ್ಟನ್ರೇ, ಮಿಶನ್ ನಿಮ್ಮ್ ಮಾತ್ ಕೇಂತಾ, ಅಲ್ಲ ಅದಕ್ಕೂ ಸೈನ್ ಹಾಕುಕ್ ಹೇಳಿದ್ರ್ಯಾ?" ಎಂದು ಬಾಗಿಲಲ್ಲೇ ನಿಂತು ಕೇಳುವರು.

ಯಂತ್ರ ಓಡಿಸುವವನು ಮರವಂತೆಯವನು, ಐವತ್ತೈದು ದಾಟಿದವನು. ಮೊದಲು ಟ್ರಾಲ್ ದೋಣಿಯ ಎಂಜಿನ್ ನೋಡಿಕೊಂಡಿದ್ದ. ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದ ಮೇಲೆ ದೋಣಿಯವರು ಕರೆಯಲಿಲ್ಲ. ಮನೆಯ ಅಂಗಳ ಕಡಲ ಕೊರೆತಕ್ಕೆ ಹೋಗಿ, ಗೋಡೆಯೂ ಬಿರುಕು ಬಿಟ್ಟ ಮೇಲೆ ಅಕ್ಕ ಪ್ಲಾಂಟಿನ ಪಕ್ಕದ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಗಂಡ ಹೆಂಡತಿ ಅಲ್ಲೇ ಇದ್ದರು. ಅವನ ಕೆಲಸವೂ ಅವನ ಮನೆಯೂ ಒಂದೇ ಬಾಗಿಲಿನ ಹಿಂದೆ ಇದ್ದವು. ನನ್ನನ್ನು ಅಣ್ಣಯ್ಯ ಎನ್ನುತ್ತಿದ್ದ.

ಮೊದಲ ತಿಂಗಳು ನಾವಿಬ್ಬರೂ ಸೇರಿ ಬ್ಯಾರೆಲ್ಲುಗಳನ್ನು ಮಾಡಿನ ಕೆಳಗೆ ಅಡ್ಡ ಮಲಗಿಸಿದೆವು. ಮಗ್ಗು ಬಚ್ಚಲಿಗೆ ಹೋಯಿತು, ಮುಚ್ಚಳವಿರುವ ಕ್ಯಾನು ಬಂತು. ಆಲಿಕೆಗೆ ಪ್ಲಾಸ್ಟಿಕ್ ಚೀಲದ ಹೊದಿಕೆ. ಎಣ್ಣೆಗೆ ಮೂರೇ ಶತ್ರುಗಳು, ನೀರು, ಧೂಳು, ಬಿಸಿ, ಎಂದು ದಿನಾ ಹೇಳಿದೆ. ಎಣ್ಣೆ ಮುಟ್ಟುವ ಮೊದಲು ಕೈ ತೊಳೆ ಎಂದೆ. ಒಂದು ಹನಿಯೂ ದಂಡವಾಗಬಾರದು ಎಂದೂ ಹೇಳಿದೆ, ಅದು ನನಗೆ ಚೆನ್ನಾಗಿ ನೆನಪಿದೆ. ಅವನು ಮರುಮಾತಿಲ್ಲದೆ ಕಲಿತ. ಮೂರು ಬೆರಳಿನ ಕೈಯಲ್ಲಿ ಅವನು ಕ್ಯಾನು ಬಗ್ಗಿಸಿದರೆ ನೆಲಕ್ಕೆ ಹನಿ ಬೀಳುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿಸಬೇಕು. ಅಮೋನಿಯಾ ಕಂಪ್ರೆಸರಿನಲ್ಲಿ ಎಣ್ಣೆ ಹಾಕಿದಲ್ಲೇ ಇರುವುದಿಲ್ಲ. ಸ್ವಲ್ಪ ಸ್ವಲ್ಪ ಅನಿಲದ ಜೊತೆ ಸೇರಿಕೊಂಡು ಕೊಳವೆಗಳೊಳಗೆ ಹೋಗಿ, ತಣ್ಣಗಿನ ಟ್ಯಾಂಕಿಗಳ ತಳದಲ್ಲಿ ಕೂರುತ್ತದೆ. ವಾರಕ್ಕೊಮ್ಮೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ತಳದ ವಾಲ್ವಿನಿಂದ ಅದನ್ನು ಇಳಿಸಬೇಕು. ಹಾಗೆ ಇಳಿಸಿದ ಎಣ್ಣೆಯಲ್ಲಿ ತುಕ್ಕು, ತೇವ, ಅನಿಲ ಎಲ್ಲವೂ ಇರುತ್ತದೆ. ಅದು ಹಿಂಬದಿಯ ಹಳೆ ಎಣ್ಣೆಯ ಡ್ರಮ್ಮಿಗೆ ಹೋಗಬೇಕು, ಯಂತ್ರಕ್ಕೆ ಮತ್ತೆ ಹೋಗಕೂಡದು. ಇದಕ್ಕಾಗಿ ಪುಸ್ತಕದಲ್ಲಿ ನಾನೇ ಎರಡು ಅಂಕಣ ಎಳೆದಿದ್ದೆ. ಒಂದು, ಬ್ಯಾರೆಲ್ಲಿನಿಂದ ತೆಗೆದ ಹೊಸ ಎಣ್ಣೆ. ಇನ್ನೊಂದು, ಡ್ರಮ್ಮಿಗೆ ಹಾಕಿದ ಹಳೆ ಎಣ್ಣೆ. ಅವನು ತುಂಬಿಸುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಎರಡೂ ಅಂಕಣಗಳ ಲೀಟರು ಇಳಿಯತೊಡಗಿತು. ಹೊಸ ಎಣ್ಣೆ ಅರ್ಧಕ್ಕರ್ಧ ಕಡಿಮೆ, ಹಳೆ ಎಣ್ಣೆ ಇನ್ನೂ ಕಡಿಮೆ. ನನಗೆ ಇದಕ್ಕೊಂದು ಕಾರಣ ಸಿದ್ಧವಾಗಿತ್ತು. ಶುದ್ಧ ಎಣ್ಣೆ ಹಾಕಿದ್ದಕ್ಕೆ ಪಿಸ್ಟನ್ ರಿಂಗುಗಳು ಚೆನ್ನಾಗಿವೆ, ಎಣ್ಣೆ ಅನಿಲದ ಜೊತೆ ಹೋಗುವುದೇ ಕಡಿಮೆಯಾಗಿದೆ. ಅಕ್ಕನಿಗೆ ಹಾಗೇ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಬೈಂದೂರು ಕಡೆ ಕೋಡೇರಿಯಲ್ಲಿ ಅವರ ಸಂಬಂಧಿಕರದ್ದೂ ಒಂದು ಐಸ್ ಪ್ಲಾಂಟಿದೆ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದರು. ಅಲ್ಲಿಯ ಮಾಲಕರು, ಕೆಲಸದವರ ಎದುರು ನಾನು ನಿಂತು ಎಣ್ಣೆಯ ಶಿಸ್ತಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಎರಡು ಸಲ ಚಹಾ ಬಂತು.

ಹಳೆ ಎಣ್ಣೆಯ ಡ್ರಮ್ಮು ಪ್ಲಾಂಟಿನ ಹಿಂದೆ, ಏಳು ಮೆಟ್ಟಿಲು ಕೆಳಗೆ ಇತ್ತು. ಮಳೆಗಾಲದಲ್ಲಿ ಆ ಮೆಟ್ಟಿಲುಗಳ ಮೇಲೆ ಪಾಚಿ. ನನ್ನ ಬಲ ಮೊಣಕಾಲು ಆ ವರ್ಷದಿಂದ ಮಡಚಲು ಒಪ್ಪುತ್ತಿರಲಿಲ್ಲ. ಮೊದಲು ದಿನಾ ಇಳಿದು ನೋಡುತ್ತಿದ್ದೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಮೇಲಿನಿಂದಲೇ. ಆಮೇಲೆ ಮೇಲಿನಿಂದಲೂ ನೋಡಲಿಲ್ಲ. ಅಂಕಣ ತುಂಬಿರುತ್ತಿತ್ತು, ಕೆಳಗೆ ಸಹಿಯ ಜಾಗ ಖಾಲಿ ಇರುತ್ತಿತ್ತು, ನಾನು ಸಹಿ ಹಾಕುತ್ತಿದ್ದೆ. ಆಯಾಸ ಹೀಗೆ ಒಂದೊಂದೇ ಮೆಟ್ಟಿಲಿನಂತೆ ಬಂತು. ಒಂದು ದಿನವೂ ಅದನ್ನು ಆಯಾಸ ಎಂದು ನಾನು ಒಪ್ಪಿಕೊಳ್ಳಲಿಲ್ಲ.

ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ದೋಣಿಗಳು ಕಡಲಿಗಿಳಿಯಲು ಆರು ದಿನ ಉಳಿದಿತ್ತು. ಎರಡೂ ಕಂಪ್ರೆಸರುಗಳನ್ನು ಓಡಿಸಿ ಐಸ್ ಕೂಡಿಡುತ್ತಿದ್ದೆವು. ಬೆಳಿಗ್ಗೆ ಎಂಟೂವರೆಗೆ ನಾನು ಒಳಗೆ ಕಾಲಿಡುವಾಗಲೇ ದೊಡ್ಡ ಕಂಪ್ರೆಸರಿನ ಸದ್ದು ಸರಿಯಿರಲಿಲ್ಲ. ಒಳಗೆ ಯಾರೋ ಗೆಣ್ಣಿನಿಂದ ಬಾಗಿಲು ತಟ್ಟುವ ಹಾಗೆ. ಎಣ್ಣೆಯ ಒತ್ತಡದ ಮುಳ್ಳು ಇಳಿಯುತ್ತಿತ್ತು. ನಾನು ಕೈ ಎತ್ತುವುದರೊಳಗೆ ಅವನೇ ಸ್ವಿಚ್ಚು ತೆಗೆದ.

ತಣ್ಣಗಾದ ಮೇಲೆ ಬಿಚ್ಚಿದೆವು. ಎಣ್ಣೆ ಪಂಪಿನ ಬಾಯಿಯಲ್ಲಿ ಕಸ ತಡೆಯುವ ತಂತಿ ಬಲೆಗೆ ಕಪ್ಪು ಗಸಿ ಮೆತ್ತಿಕೊಂಡಿತ್ತು. ಅದನ್ನು ಬೆರಳಲ್ಲಿ ತೆಗೆದು ಹಾಳೆಯ ಮೇಲೆ ಹರಡಿದೆ. ಗಸಿಯೊಳಗೆ ಸಣ್ಣ ಸಣ್ಣ ಎಳೆಗಳು. ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದಾಗ ಎಳೆಗಳು ಬಿಳಿಯಾದವು. ಹತ್ತಿಯ ನೂಲು. ಬಲೆ ಕಟ್ಟಿಕೊಂಡು ಎಣ್ಣೆ ಮೇಲೆ ಹೋಗದೆ, ಎರಡು ಬೇರಿಂಗುಗಳ ಮೈ ಗೀರಿಹೋಗಿತ್ತು.

ಕಂಪ್ರೆಸರಿನ ಹೊಟ್ಟೆಯೊಳಗೆ ಹತ್ತಿ ಬಟ್ಟೆ ಇಳಿಸಬಾರದು ಎನ್ನುವುದು ಹಡಗಿನಲ್ಲಿ ಮೊದಲ ವಾರದ ಪಾಠ. ಒರೆಸುವುದಾದರೆ ಸ್ಪಂಜಿನಲ್ಲಿ ಒರೆಸಬೇಕು, ಯಾಕೆಂದರೆ ಹತ್ತಿ ಎಳೆ ಬಿಡುತ್ತದೆ. ಅವನಿಗೆ ನಾನು ನೀರಿನ ಬಗ್ಗೆ ಹೇಳಿದ್ದೆ, ಧೂಳಿನ ಬಗ್ಗೆ ಹೇಳಿದ್ದೆ, ಬಿಸಿಯ ಬಗ್ಗೆ ಹೇಳಿದ್ದೆ. ಹತ್ತಿಯ ಬಗ್ಗೆ ಹೇಳಿರಲಿಲ್ಲ.

ಇದು ಎಲ್ಲಿಂದ ಬಂತು ಎಂದು ಕೇಳಿದೆ. ಅವನು ಏನೂ ಅಡಗಿಸಲಿಲ್ಲ, ಬನ್ನಿ ಎಂದು ಕರೆದುಕೊಂಡು ಹೋದ. ಟ್ಯಾಂಕಿಯ ಹಿಂದೆ, ಬಗ್ಗಿ ನುಸುಳಬೇಕಾದ ಗೋಡೆಯ ಮೂಲೆಯಲ್ಲಿ, ಮಣೆಯ ಮೇಲೆ ಎರಡು ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳು. ಒಂದರಲ್ಲಿ ವಾರದ ಹಿಂದೆ ಇಳಿಸಿದ ಎಣ್ಣೆ ತಿಳಿಯಾಗಲು ಕೂತಿತ್ತು. ಇನ್ನೊಂದರ ಬಾಯಿಗೆ ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಮಧ್ಯೆ ತಗ್ಗು ಬಿಟ್ಟು, ಹುರಿಯಿಂದ ಬಿಗಿದು ಕಟ್ಟಿದ್ದ. ನಮ್ಮ ಕಡೆ ಕೊಬ್ಬರಿ ಆಡಿಸಿಕೊಂಡು ಬಂದ ಎಣ್ಣೆಯನ್ನು ಮನೆಮನೆಯಲ್ಲಿ ಸೋಸುವುದು ಹೀಗೆಯೇ. ಎರಡು ದಿನ ಕೂರಿಸಿ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಇಳಿಸಿ, ತಳದ ಗಸಿಯನ್ನು ಬೇರೆ ತೆಗೆಯುವುದು. ನನ್ನ ತಾಯಿಯೂ ಹೀಗೇ ಮಾಡುತ್ತಿದ್ದರು.

ತಿಳಿ ಎಣ್ಣೆ ವಾಪಸು ಯಂತ್ರಕ್ಕೆ, ಗಸಿ ಮಾತ್ರ ಡ್ರಮ್ಮಿಗೆ. ಅವನು ಪುಸ್ತಕದಲ್ಲಿ ಸುಳ್ಳು ಬರೆದಿರಲೇ ಇಲ್ಲ. ಬ್ಯಾರೆಲ್ಲಿನಿಂದ ಎಷ್ಟು ತೆಗೆದ, ಡ್ರಮ್ಮಿಗೆ ಎಷ್ಟು ಹಾಕಿದ, ನಾನು ಕೇಳಿದ್ದು ಅಷ್ಟೇ, ಅವನು ಬರೆದದ್ದೂ ಅಷ್ಟೇ. ನಡುವೆ ಪಾತ್ರೆಯಲ್ಲಿ ಎಷ್ಟು ಇದೆ ಎನ್ನುವುದಕ್ಕೆ ನಾನು ಅಂಕಣ ಎಳೆದಿರಲಿಲ್ಲ.

ಆ ಮೂಲೆಯ ಚೊಕ್ಕತನ ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ. ಮಣೆ ಒರೆಸಿಟ್ಟಿದ್ದ. ಪಾತ್ರೆಗಳಿಗೆ ತಟ್ಟೆ ಮುಚ್ಚಿದ್ದ. ಸೋಸುವ ಬಟ್ಟೆಗಳನ್ನು ಪ್ರತಿ ಸಲ ಸೋಪು ಹಾಕಿ ತೊಳೆದು ಹೊರಗಿನ ಹಗ್ಗದ ಮೇಲೆ ಒಣಗಿಸುತ್ತಿದ್ದ. ಬಾವಿಯ ನೀರು ಉಪ್ಪು, ಹಗ್ಗಕ್ಕೆ ಬೀಸುವುದು ಕಡಲ ಗಾಳಿ. ಮಳೆಗಾಲದಲ್ಲಿ ಆ ಬಟ್ಟೆ ಯಾವತ್ತೂ ಪೂರ್ತಿ ಒಣಗಿರಲಾರದು. ಉಪ್ಪು, ತೇವ, ನೂಲು, ಮೂರನ್ನೂ ಅವನು ಬಹಳ ಶ್ರದ್ಧೆಯಿಂದ ಎಣ್ಣೆಗೆ ಸೇರಿಸುತ್ತಿದ್ದ. ಒಂದು ವರ್ಷದಿಂದ.

"ಎಂತಕ್ ಮಾರಾಯ?" ಎಂದಷ್ಟೇ ಕೇಳಿದೆ.

"ಎಣ್ಣಿ ಅಲ್ದಾ ಅಣ್ಣಯ್ಯ. ಎಣ್ಣಿ ಚೆಲ್ಲುಕ್ ಕೈ ಬತ್ತಿಲ್ಲೆ." ಪಾತ್ರೆಯ ತಟ್ಟೆ ಸರಿಮಾಡುತ್ತಾ ಸೇರಿಸಿದ, "ನೀವ್ ದಿನಾ ಸೈನ್ ಹಾಕ್ತ್ರಿ. ನಿಮ್ಗ್ ಗೊತ್ತಿತ್ ಅಂದೇಳಿ ನಾ ಅಂದ್ಕಂಡಿದ್ದೆ."

ಅಷ್ಟರಲ್ಲಿ ಅಕ್ಕ ಬಂದರು. ಯಂತ್ರ ನಿಂತ ಸುದ್ದಿ ದಕ್ಕೆಗೆ ಹೋಗಲು ಹತ್ತು ನಿಮಿಷ ಸಾಕು. ಹಾಳೆಯ ಮೇಲಿನ ನೂಲು ನೋಡಿದರು, ಪಾತ್ರೆಗೆ ಕಟ್ಟಿದ ಪಂಚೆ ನೋಡಿದರು, ವಿವರಿಸುವ ಅಗತ್ಯ ಬೀಳಲಿಲ್ಲ. ಆರು ದಿನದಲ್ಲಿ ದೋಣಿಗಳು ಹೊರಡುತ್ತವೆ, ಐಸ್ ಸಿಗದಿದ್ದರೆ ಒಂದು ಸಲ ಬೇರೆ ಪ್ಲಾಂಟಿಗೆ ಹೋದವರು ಮತ್ತೆ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಅವನ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು:

"ಇವ್ನ್ ಇವತ್ತೇ ಕಳ್ಸಿ. ಕೋಣಿ ಬೀಗ ನಂಗೆ ಕೊಡ್ಕ್."

ಅವನು ಕೈ ಒರೆಸಿಕೊಂಡು ಕೋಣೆಯ ಕಡೆ ಹೋದ. ಕಿಟಕಿಯಿಂದ ಕಾಣುತ್ತಿತ್ತು. ಬಾಗಿಲಲ್ಲಿ ನಿಂತು ಹೆಂಡತಿಗೆ ಎರಡು ಮಾತು ಹೇಳಿದ. ಅವಳು ಜಗಲಿಯ ಹಗ್ಗದ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಒದ್ದೆ ಬಟ್ಟೆಗಳು. ಮಡಚಲು ಬರುವಂಥವಲ್ಲ.

ನಾನು ಬಲೆಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಕೂತಿದ್ದೆ. ಅದು ತೊಳೆದು ಆಗಿತ್ತು. ಮತ್ತೊಮ್ಮೆ ತೊಳೆದೆ. ಸುಮ್ಮನಿದ್ದರೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕಾಲು ಗಂಟೆ ಸುಮ್ಮನಿದ್ದೆ. ಅದನ್ನು ಬರೆಯದೆ ಬಿಟ್ಟರೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಆ ಕಾಲು ಗಂಟೆಯಲ್ಲಿ ನಾನು ಮನಸ್ಸಿನಲ್ಲಿ ಅವನ ತಪ್ಪುಗಳ ಪಟ್ಟಿ ಮಾಡಿದೆ, ಒಂದೊಂದಕ್ಕೂ ನನ್ನ ಸಹಿಯೇ ಅಡ್ಡ ಬಂತು.

ಎದ್ದು ಅಕ್ಕ ಕುಳಿತಲ್ಲಿಗೆ ಪುಸ್ತಕ ತೆಗೆದುಕೊಂಡು ಹೋದೆ. ಎರಡು ಅಂಕಣ ತೋರಿಸಿದೆ. ಇಳಿದ ಎಣ್ಣೆ ಕಡಿಮೆಯಾದ ದಿನವೇ ನಾನು ಹೋಗಿ ಡ್ರಮ್ಮು ನೋಡಬೇಕಿತ್ತು, ನೋಡಲಿಲ್ಲ, ಮೊಣಕಾಲು ನೋವು ಎಂದು ನಿಮಗೆ ಹೇಳಲೂ ಇಲ್ಲ ಎಂದೆ. ಎಣ್ಣೆ ಉಳಿದದ್ದು ನನ್ನ ಶಿಸ್ತಿನಿಂದಲ್ಲ, ಅವನು ಸೋಸಿ ಹಾಕಿದ್ದರಿಂದ ಎಂದೆ. ನಿಂತೇ ಹೇಳಿದೆ. ಕೂತುಕೊಳ್ಳಿ ಎಂದು ಅವರು ಹೇಳಲಿಲ್ಲ.

ಅವರು ಪುಟ ತಿರುವಿದರು. ಎಲ್ಲ ಪುಟದಲ್ಲೂ ಒಂದೇ ಥರದ ಸಹಿ, ಒಂದೇ ಓರೆ, ಕೆಳಗೆ ಒಂದೇ ಗೆರೆ.

"ಹೋದ್ ವರ್ಷ ಕೋಡೇರಿಯಗೆ ಅಷ್ಟ್ ಜನರ ಎದ್ರ್ ಮಾತಾಡ್ದ್ರಿ. ಅದೆಲ್ಲ ಇವ್ನ್ ಪಂಚಿಯಗೆ ಸೋಸದ್ ಎಣ್ಣಿಯಾ ಕ್ಯಾಪ್ಟನ್ರೇ?"

ಹೌದು ಎಂದೆ.

ಅವರು ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಕಿಟಕಿಯ ಹೊರಗೆ ಆ ಹೆಂಗಸು ಬಟ್ಟೆ ತೆಗೆಯುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಹಾಂಗಾರೆ ಇವ್ನ್ ಕಳ್ಸಿರೆ ನಿಮ್ನೂ ಕಳ್ಸ್ಕ್. ಇಬ್ರನ್ನೂ ಕಳ್ಸಿ ಐಸ್ ಮಾಡುಕ್ ನಾ ಕೂಕಣ್ಕಾ?" ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಮಿಶನ್ ಎಬ್ಸಿ. ಕೋಡೇರಿಗೆ ನೀವೇ ಹೋಯ್ ಹೇಳ್ಕ್. ನಾ ಬತ್ತಿಲ್ಲೆ."

ಅವನನ್ನು ಕರೆಯಲು ನಾನೇ ಹೋದೆ. ಅಕ್ಕ ಇರಲು ಹೇಳಿದ್ದಾರೆ, ಕೆಲಸಕ್ಕೆ ಬಾ ಎಂದೆ. ಬಂದ. ಹೆಂಡತಿ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದಳು.

ಎರಡು ದಿನ ಕಂಪ್ರೆಸರಿನ ಹೊಟ್ಟೆ ಬಿಚ್ಚಿ ಕೂತೆವು. ಹಳೆ ಎಣ್ಣೆ ಪೂರ್ತಿ ಇಳಿಸಿ, ಸ್ಪಂಜಿನಲ್ಲಿ ಒರೆಸಿ, ಹೊಸ ಬೇರಿಂಗು ಕೂರಿಸಿ, ಹೊಸ ಎಣ್ಣೆ ಹಾಕಿ ಓಡಿಸಿ, ಅದನ್ನೂ ಇಳಿಸಿ, ಮತ್ತೆ ಹೊಸತು ಹಾಕಿದೆವು. ಬಲೆಯನ್ನು ನಾಲ್ಕು ಸಲ ತೆಗೆದು ನೋಡಿದೆವು. ಮೂರು ಸಲ ನೂಲು ಸಿಕ್ಕಿತು, ನಾಲ್ಕನೆಯ ಸಲ ಸಿಗಲಿಲ್ಲ. ಇಳಿಸಿದ ಎಣ್ಣೆಯನ್ನು ಡ್ರಮ್ಮಿಗೆ ಸುರಿಯಲು ಅವನು ಏಳು ಮೆಟ್ಟಿಲು ಇಳಿಯುವಾಗ ನಾನೂ ಗೋಡೆ ಹಿಡಿದುಕೊಂಡು ಇಳಿದೆ. ಅವನು ಮುಖ ಆಚೆ ತಿರುಗಿಸಿಕೊಂಡು ಸುರಿದ. ದೋಣಿಗಳು ಹೊರಡುವ ಹೊತ್ತಿಗೆ ಐಸ್ ಸಾಕಾಯಿತು, ಉಳಿಯಲಿಲ್ಲ, ಕಡಿಮೆಯೂ ಆಗಲಿಲ್ಲ.

ಕೋಡೇರಿಗೆ ಬಸ್ಸಿನಲ್ಲಿ ಹೋದೆ. ಹೇಳಬೇಕಾದದ್ದನ್ನು ಐದು ನಿಮಿಷದಲ್ಲಿ ಹೇಳಿದೆ. ಅಲ್ಲಿಯ ಮಾಲಕರು ಮರ್ಯಾದಸ್ಥರು. ನಮಗೆ ಆಗಲೇ ಸಂಶಯ ಇತ್ತು, ನಾವು ಯಾವುದನ್ನೂ ಬದಲಾಯಿಸಿರಲಿಲ್ಲ ಎಂದರು. ಅದು ಸಮಾಧಾನಕ್ಕೆ ಹೇಳಿದ ಮಾತೋ ಅಲ್ಲವೋ ಗೊತ್ತಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ.

ಪುಸ್ತಕದಲ್ಲಿ ಮೂರನೆಯ ಅಂಕಣ ಎಳೆದೆ, ಡ್ರಮ್ಮಿನಲ್ಲಿ ನಾನೇ ಕಂಡ ಅಳತೆಗೆ. ದಿನಾ ಮೆಟ್ಟಿಲು ಇಳಿದು ಡ್ರಮ್ಮಿಗೆ ಕೋಲು ಹಾಕಿ ಅಳೆಯುತ್ತೇನೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು. ಎಣ್ಣೆ ಈಗ ಶುದ್ಧವಾಗಿದೆ. ಆದರೆ ಅವನು ಮೊದಲಿನಂತಿಲ್ಲ. ಕೈ ತೊಳೆಯುವ ಮೊದಲು ಕೇಳುತ್ತಾನೆ, ಯಾವ ಕ್ಯಾನು ಎಂದು ಕೇಳುತ್ತಾನೆ, ಆಲಿಕೆಯ ಹೊದಿಕೆ ತೆಗೆಯಲೇ ಎಂದು ಕೇಳುತ್ತಾನೆ. ದೋಣಿಯ ಕಾಲದಿಂದಲೂ ಎಂಜಿನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವನಾಗಿದ್ದವನು, ಅವತ್ತು ನನಗಿಂತ ಮೊದಲು ಸ್ವಿಚ್ಚು ತೆಗೆದವನು, ಈಗ ನನ್ನ ಬಾಯಿ ನೋಡುತ್ತಾ ನಿಲ್ಲುತ್ತಾನೆ. ಕೆಲಸ ಉಳಿಯಿತು, ಕೋಣೆ ಉಳಿಯಿತು. ತಾನು ಮಾಡುವುದು ಸರಿ ಎನ್ನುವ ನಂಬಿಕೆ ಉಳಿಯಲಿಲ್ಲ. ಅದನ್ನು ಯಾವ ಅಂಗಡಿಯಿಂದ ತರಿಸಿ ಕೂರಿಸುವುದೋ ನನಗೆ ತಿಳಿಯದು.

ಕಳೆದ ಭಾನುವಾರ ನನಗೆ ರಜೆ. ಬೆಳಿಗ್ಗೆ ಮನೆಯ ಜಗಲಿಯಲ್ಲಿ ಕಾಲು ಚಾಚಿಕೊಂಡು ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಫೋನು ಬಂತು. ಕಂಪ್ರೆಸರಿನ ಮಟ್ಟ ನೋಡುವ ಗಾಜಿನಲ್ಲಿ ಎಣ್ಣೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಕಾಣುತ್ತಿದೆ, ಹಾಕಲೇ ಎಂದು ಕೇಳಿದ. ನೀನೇ ನೋಡಿಕೊಂಡು ಹಾಕು ಮಾರಾಯ, ನಿನಗೆ ಗೊತ್ತಿಲ್ಲದ್ದು ಏನಿದೆ ಎಂದೆ. ಫೋನಿನಲ್ಲಿ ಯಂತ್ರದ ಸದ್ದು ಸರಿಯಾಗಿಯೇ ಕೇಳುತ್ತಿತ್ತು.

"ಇಲ್ಲೆ ಅಣ್ಣಯ್ಯ," ಎಂದ. "ನೀವ್ ಬಂದೇ ಹೇಳಿ."

ಕಾಲು ಒರೆಸಿಕೊಂಡು, ಅಂಗಿ ಹಾಕಿಕೊಂಡು, ಒಂಬತ್ತೂಕಾಲರ ಬಸ್ಸಿಗೆ ಹೊರಟೆ.